ಕೌದಿ ಒಗೆದ ದಿನ

ತುಕ್ಕಾನಟ್ಟಿ
೪–೧೦–೧೯೫೬

ಪ್ರೀತಿಯ ಅಣ್ಣಾ,

ನೀನು, ವೈನಿ, ಕೂಸು ಪದ್ಮಾ ಎಲ್ಲರೂ ಆರಾಮವೇ? ಸಂಕೇಶ್ವರಕ್ಕೆ ಹೋದಾಗಿನಿಂದ ಹತ್ತಿದ ನಿನ್ನ ಕೆಮ್ಮು ಬಿಟ್ಟಿತೇ? ವೈನಿ ಕಾಸಿಕೊಟ್ಟ ಕಷಾಯವನ್ನು ನೀನು ಕಿಟಕಿಯಿಂದ ಚೆಲ್ಲುತ್ತಿರುವೆ ಎಂದು ನನಗೆ ಗೊತ್ತು, ಚಿಕ್ಕಂದಿನಿಂದ ನೋಡಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ. ಅಪ್ಪನೂ ಕ್ಷೇಮ. ಇದನ್ನು ಎರಡು ಸಲ ಓದಿಕೋ.

ಹೋದ ಪತ್ರದಲ್ಲಿ ಅಪ್ಪನ ತಲೆ ಕೆಟ್ಟಿದೆ ಎಂದು ಬರೆದವಳು ನಾನೇ. ಓಣಿಯಲ್ಲಿ ನಡೆಯುವಾಗ ಹಲ್ಲಿಯ ಹಾಗೆ ನಾಲಿಗೆಯಿಂದ ಲೊಚ್ ಲೊಚ್ ಎನ್ನುತ್ತಾನೆ, ಗೋಡೆಯ ಮುಂದೆ ನಿಂತು ಕಿವಿಗೊಡುತ್ತಾನೆ, ಜನ ನಗುತ್ತಾರೆ ಎಂದೆಲ್ಲ ದೂರಿದ್ದೆ. ಹೊರಗೆ ಬಿಡಬೇಡ, ರವಿವಾರ ಬಂದು ಕರೆದೊಯ್ದು ನಮ್ಮ ಕೋಣೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ನೀನು ಬರೆದೆ. ಅದನ್ನು ಓದಿ ಹೇಳಿದ ದಿನ ಅಪ್ಪ ಉಣ್ಣಲಿಲ್ಲ.

ನವರಾತ್ರಿಯ ಘಟ ಕೂಡ್ರಿಸುವ ಮೊದಲು ಮನೆಯ ಹಾಸಿಗೆಯೆಲ್ಲ ಒಗೆಯಬೇಕಲ್ಲ. ಮೊನ್ನೆ ಓಣಿಯ ಹೆಂಗಸರೆಲ್ಲ ಹಳ್ಳಕ್ಕೆ ಹೋಗಿ ಹಳೆ ಸೀರೆ ಹೊಲಿದ ದಪ್ಪ ಕೌದಿಗಳನ್ನು ಒಗೆದು ತಂದು ಓಣಿಯ ಎರಡೂ ಕಡೆಯ ಗೋಡೆಗಳ ಮೇಲೆ ಇಳಿಬಿಟ್ಟೆವು. ನಮ್ಮ ಮನೆಯವೇ ಹದಿನಾಲ್ಕು. ಸಂಜೆ ಅಪ್ಪ ನನ್ನ ಕಣ್ಣು ತಪ್ಪಿಸಿ ಹನಮಪ್ಪನ ಗುಡಿಗೆ ಹೊರಟಿದ್ದಾನೆ. ಸಂದಿಯಲ್ಲಿ ಬಲಕ್ಕೆ ತಿರುಗಬೇಕಾದವನು ತಿರುಗಲೇ ಇಲ್ಲ, ನೆಟ್ಟಗೆ ಹಾಳು ಬಾವಿಯತ್ತ ನಡೆದ. ಅದಕ್ಕೆ ಕಟ್ಟೆ ಇಲ್ಲದ್ದು ನಿನಗೆ ಗೊತ್ತೇ ಇದೆ. ಸಾಲೆ ಬಿಡಿಸಿ ಬರುತ್ತಿದ್ದ ಕಲ್ಲಪ್ಪ ಮಾಸ್ತರರು ಓಡಿಬಂದು ಅಂಗಿ ಹಿಡಿದು ಎಳೆಯದಿದ್ದರೆ ನಾನು ಇವತ್ತು ಬೇರೆಯೇ ಪತ್ರ ಬರೆಯಬೇಕಾಗುತ್ತಿತ್ತು.

ಮಾಸ್ತರರು ಅಪ್ಪನನ್ನು ಕರೆತಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂಡ್ರಿಸಿದರು. ನಾನು ಚಹಾ ತಂದೆ. ಓಣಿಯಾಚೆಯ ಹಾಳು ವಾಡೆಯ ಬಾವಲಿಗಳು ಆಗಲೇ ಹೊರಬಿದ್ದು, ಬೇವಿನ ಟೊಂಗೆಗೂ ನಾವು ಬಟ್ಟೆ ಒಣಹಾಕುವ ಹಗ್ಗಕ್ಕೂ ತಾಗದೆ ಹಾರಾಡುತ್ತಿದ್ದವು. ಏನಾದರೂ ಮಾತು ಬೇಕಲ್ಲ ಎಂದು, ಇವಕ್ಕೆ ಕತ್ತಲಲ್ಲಿ ಹೇಗೆ ಕಾಣುತ್ತದೆ ಎಂದು ಮಾಸ್ತರರನ್ನು ಕೇಳಿದೆ. ಅವಕ್ಕೂ ಕಣ್ಣಿವೆ, ಆದರೆ ಕತ್ತಲಲ್ಲಿ ಕಿವಿಯನ್ನೇ ನಂಬುತ್ತವಂತೆ. ನಮ್ಮ ಕಿವಿಗೆ ನಿಲುಕದ ಕೀಚಲು ದನಿಯಲ್ಲಿ ಕೂಗುತ್ತ ಹಾರುತ್ತವೆ. ಆ ಕೂಗು ಎದುರಿಗಿದ್ದುದಕ್ಕೆ ಬಡಿದು ತಿರುಗಿ ಬರುವುದನ್ನು ಕೇಳಿ, ಗೋಡೆ ಎಷ್ಟು ದೂರ, ಹುಳ ಎಲ್ಲಿದೆ ಎಂದು ತಿಳಿದುಕೊಳ್ಳುತ್ತವಂತೆ.

ಅಪ್ಪ ನಕ್ಕುಬಿಟ್ಟ. "ಇದರಾಗ ಏನ ದೊಡ್ಡದೈತ್ರಿ ಮಾಸ್ತರ? ನಾನೂ ಹಂಗ ತಿರಗ್ಯಾಡತೇನಿ. ಗ್ವಾಡಿ ಇದ್ರ ಸಪ್ಪಳಾ ತಿರುಗಿ ಬರತೈತಿ, ಸಂದಿ ಬಂದ್ರ ಬರೂದಿಲ್ಲ. ಮೊದಲ ಸಂದಿಗೆ ಬಲಕ್ಕ ಹೊಳ್ಳತೇನಿ. ಇವತ್ತ ಈಕಿ ಗ್ವಾಡಿಗೆಲ್ಲಾ ಕೌದಿ ಹೊಚ್ಚಿದ್ಲು, ಸಪ್ಪಳಾ ಎಲ್ಲೂ ತಿರುಗಿ ಬರಲಿಲ್ಲ, ಸಂದಿ ಯಾವುದು ತಿಳೀಲಿಲ್ಲ, ಓಣಿನ ಮಾಯ ಆತು" ಎಂದ. ಎಂದವನೇ ತುಟಿ ಕಚ್ಚಿಕೊಂಡ. ನಾನು ಅವನ ಮುಖದ ಮುಂದೆ ಕೈ ಆಡಿಸಿದೆ. ರೆಪ್ಪೆ ಅಲುಗಲಿಲ್ಲ.

ಕಣ್ಣು ಹೋಗಿ ಎರಡು ವರ್ಷವಾಯಿತಂತೆ ಅಣ್ಣಾ! ಹೇಳಿದರೆ ಮೂಲೆಗೆ ಕೂಡ್ರಿಸುತ್ತೇವೆ ಎಂದು ಹೆದರಿದ್ದ. ನಾವು ಮಾಡಹೊರಟದ್ದೂ ಅದನ್ನೇ ಅಲ್ಲವೇ? ನಾನು ಅತ್ತೆ, ಆಮೇಲೆ ನಕ್ಕೆ. ಅವನ ತಲೆ ನಮ್ಮಿಬ್ಬರ ತಲೆಗಿಂತ ನೆಟ್ಟಗಿದೆ ಎಂದು ಎಷ್ಟು ಹಗುರವಾಯಿತೆಂದರೆ, ಅಂದು ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದೆ.

ಕೌದಿಗಳನ್ನು ಹಿತ್ತಲಿಗೆ ಸಾಗಿಸಿದೆವು. ಬಾವಿಯ ಸುತ್ತ ಮುಳ್ಳುಬೇಲಿ ಹಚ್ಚಿಸಿದೆ. ಇವತ್ತು ಗುಡಿಗೆ ಹೊರಟವನ ಹಿಂದೆ ಕಳ್ಳಹೆಜ್ಜೆಯಲ್ಲಿ ಹೋದೆ. ಸಂದಿಗೆ ಸರಿಯಾಗಿ ತಿರುಗಿದ. ತಿರುಗಿ, "ಹಿಂದ ಬರಬ್ಯಾಡ ಸೀತಾ, ನಿನ್ನ ಕೈಯಾಗಿನ ಬಳಿ ಸಪ್ಪಳಾ ಅಡ್ಡ ಬರತೈತಿ" ಎಂದ. ಆದ್ದರಿಂದ ಅವನನ್ನು ನಿನ್ನ ಕೋಣೆಗೆ ಒಯ್ಯುವ ಮಾತು ಬಿಡು. ಅಲ್ಲಿಯ ಗೋಡೆಗಳ ಪರಿಚಯ ಅವನಿಗಿಲ್ಲ. ಬೇಕಾದರೆ ಡಾಕ್ಟರರಿಗೆ ಕಣ್ಣು ತೋರಿಸಿ ತಿರುಗಿ ಕರೆತಂದು ಬಿಡು.

ವೈನಿಗೆ ನಮಸ್ಕಾರ, ಪದ್ಮಾಳಿಗೆ ಅವಳತ್ತೆಯ ಮುದ್ದು.

ನಿನ್ನ ತಂಗಿ,
ಸೀತವ್ವ

ತಾ.ಕ.: ಟಪಾಲಿನವ ಬಾಗಿಲಲ್ಲಿ ನಿಂತಿದ್ದಾನೆ. ಯುಗಾದಿಗೆ ನೀವು ಪದ್ಮಾಳನ್ನು ಅಪ್ಪನ ತೊಡೆಯ ಮೇಲೆ ಹಾಕಿದಾಗ ಅವನು "ಥೇಟ ನಿಮ್ಮವ್ವನ ಮಾರಿ" ಎಂದಿದ್ದನಲ್ಲ, ವೈನಿ ಹಿಗ್ಗಿದ್ದಳಲ್ಲ? ಅವನಿಗೆ ಏನೂ ಕಂಡಿರಲಿಲ್ಲ, ನಿನ್ನೆ ಒಪ್ಪಿಕೊಂಡ. ರವಿವಾರ ಕೂಸನ್ನು ತಪ್ಪದೆ ಕರೆದುಕೊಂಡು ಬಾ. ಈ ಸಲ ಅದರ ಮುಖವನ್ನು ಅವನ ಕೈಗೆ ಕೊಡು.