ಮೂರು ಗೀರಿನ ಚಪ್ಪಲಿ

ತಿನ್-ತಬೋರಕ್ ಕಣಿವೆಯ ಬಿಡಾರ,
ಇಫೆರುವಾನ್ ಹತ್ತಿರ.
ರಜಬ್ ತಿಂಗಳ ಒಂಬತ್ತು, ಬುಧವಾರ.

ನನ್ನ ಕಂದ ಘುಮೂರ್‌ಗೆ,

ಹೇಗಿದ್ದೀಯಪ್ಪ? ಪಾದ ವಾಸಿಯಾದವೇ? ಕಾಲಿಗೆ ಬಟ್ಟೆ ಸುತ್ತಿಕೊಂಡು ಕಾದ ಕಲ್ಲಿನ ಮೇಲೆ ನಡೆದೆ ಎಂದು ನಿನ್ನ ಬಾಯಿಂದಲೇ ಕೇಳಿದಾಗಿನಿಂದ ನನ್ನ ಅಂಗಾಲು ಉರಿಯುತ್ತಿದೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಆ ತಮನ್‌ರಸೆತ್ ಊರಿನಲ್ಲಿ ಆಡಿನ ಹಾಲು ಸಿಗುತ್ತದೆಯೋ, ಪುಡಿ ಕಲಸಿದ ಬಿಳಿ ನೀರೇ ಗತಿಯೋ? ಇಲ್ಲಿ ಗಾಳಿಯ ಕಾಲ ಶುರುವಾಗಿದೆ, ನಿನ್ನ ಕಡೆಯೂ ಆಗಿರಬೇಕು. ತಲೆಗೆ ಸುತ್ತಿದ ಬಟ್ಟೆಯನ್ನು ಮೂಗಿನ ಮೇಲೆ ಎಳೆದುಕೊಂಡು ತಿರುಗು, ಪಟ್ಟಣದ ಷೋಕಿಯವರ ಹಾಗೆ ಕತ್ತಿಗೆ ಸುತ್ತಿಕೊಂಡು ಮೆರೆಯಬೇಡ. ಇದನ್ನೆಲ್ಲ ನಾನು ಹೇಳುತ್ತಿದ್ದೇನೆ, ನಿನ್ನ ತಂಗಿ ರೈಶತು ಬರೆಯುತ್ತಿದ್ದಾಳೆ. "ಸ್ವಲ್ಪ ನಿಧಾನ ಹೇಳಮ್ಮ, ನನ್ನ ಕೈಯೇನು ಓಟದ ಒಂಟೆನಾ?" ಎಂದು ಮುಖ ಸಿಂಡರಿಸುತ್ತಾಳೆ. ಶಾಲೆಗೆ ಕಳಿಸಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ ಬಿಡು.

ಮೊನ್ನೆ ಬೆಳಿಗ್ಗೆ ಬಿಳಿ ತಲೆಯ ಕರಿಹಕ್ಕಿ ಗುಡಾರದ ಕಂಬದ ಮೇಲೆ ಕೂತು ಕೂಗಿತು. ಒಳ್ಳೆಯ ಸುದ್ದಿ ತರುವ ಹಕ್ಕಿ ಎನ್ನುತ್ತಾರಲ್ಲ, ಅದೇ. ನಾನು ಕಲ್ಲು ಬೀಸಿ ಓಡಿಸಿದೆ. ಎರಡು ವರ್ಷದಿಂದ ಆ ಹಕ್ಕಿಯನ್ನು ಕಂಡರೆ ನನಗಾಗುತ್ತಿರಲಿಲ್ಲ. ಮಧ್ಯಾಹ್ನಕ್ಕೆ ನಿನ್ನ ಊರಿನ ಕಡೆ ಲಾರಿ ಓಡಿಸುವ ಕಲಕುವಾ ಬಂದ. ಟೀ ಕುಡಿಯಲೂ ಕೂರದೆ, ತನ್ನ ಫೋನನ್ನು ನನ್ನ ಕಿವಿಗೆ ಹಿಡಿದು, "ಅವ್ವಾ, ಗಟ್ಟಿಯಾಗಿ ಕೂತ್ಕೊಂಡು ಕೇಳಿ" ಎಂದ. ಸತ್ತ ಮಗ ಅದರೊಳಗೆ ಅಮ್ಮಾ ಎಂದ. ನಾನು ಫೋನನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡುಬಿಟ್ಟೆನಂತೆ. "ಅಯ್ಯೋ, ಹಾಗೆ ಒತ್ತಿದ್ರೆ ನಿಂತೋಗತ್ತೆ, ಕೊಡಿ ಇಲ್ಲಿ" ಎಂದು ಅವನು, ಕೊಡುವುದಿಲ್ಲ ಎಂದು ನಾನು. ಬಿಡಾರದ ಹೆಂಗಸರೆಲ್ಲ ಓಡಿಬಂದು ನೋಡಿದರೆ ನಾವಿಬ್ಬರೂ ಜಗಳವಾಡುತ್ತಿದ್ದೇವೆ. ನೀನು ಅದರಲ್ಲಿ ತುಂಬಿ ಕಳಿಸಿದ ಮಾತನ್ನು ಹದಿನಾಲ್ಕು ಸಲ ಕೇಳಿದೆ. ಈಗ ಬಾಯಿಪಾಠ ಬರುತ್ತದೆ. "ಕಳೆದುಹೋದವನು ಬಾವಿ ಬಿಟ್ಟು ಕದಲಬಾರದು, ಹುಡುಕೋರು ಬಾವಿಗೇ ಬರ್ತಾರೆ ಅಂತ ಅಪ್ಪಾನೇ ಹೇಳ್ಕೊಟ್ಟಿದ್ರು. ಹನ್ನೊಂದು ದಿನ ಕೂತಿದ್ದೆ ಅಮ್ಮಾ, ಕೊನೆಗೆ ಯಾರೋ ಲಾರಿಯೋರು ಈ ಊರಿಗೆ ಕರ್ಕೊಂಡ್ಬಂದ್ರು. ಯಾಕೆ ಬರ್ಲಿಲ್ಲ ಅಂತ ಅಪ್ಪನ್ನ ಕೇಳು. ಉತ್ತರ ಬರೋವರೆಗೂ ನಾನು ಆ ಕಡೆ ತಲೆ ಹಾಕಲ್ಲ."

ಮಗನೇ, ಅಪ್ಪನನ್ನು ಕೇಳುವ ಹಾಗಿಲ್ಲ. ಅವರು ಹೋಗಿ ಮೂರು ತಿಂಗಳಾಯಿತು. ಈ ಚಳಿಗಾಲದಲ್ಲಿ ಕೆಮ್ಮು ಹಿಡಿಯಿತು, ಹದಿನೇಳು ದಿನ ಮಲಗಿದರು, ಒಂದು ಶುಕ್ರವಾರ ಪ್ರಾರ್ಥನೆಯ ಹೊತ್ತಿಗೆ ಉಸಿರು ಬಿಟ್ಟರು. ಹೋದವರ ಹೆಸರು ಕರೆದು ಅವರ ನಿದ್ದೆ ಕೆಡಿಸಬಾರದು, ಅದಕ್ಕೇ ಅವರ ಹೆಸರು ಬರೆಸುತ್ತಿಲ್ಲ. ಹೀಗೆ ಕಾಗದದ ಮೇಲೆ ನಿನಗೆ ತಿಳಿಸಬೇಕಾಗಿ ಬಂತಲ್ಲ! ನೀನು ಮೂರು ತಿಂಗಳ ಮೊದಲು ಬಾಯಿ ಬಿಟ್ಟಿದ್ದರೆ ಅವರ ಕಿವಿಗೂ ಬೀಳುತ್ತಿತ್ತು. ಎರಡು ವರ್ಷ ಸಿಟ್ಟು ಹಿಡಿದು ಕೂತೆಯಲ್ಲೋ! ಬೈಯುತ್ತಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ. ಅತ್ತಿದ್ದು ಸಾಕು ಎನಿಸಿದಾಗ ಮುಂದೆ ಓದು, ಅವರ ಬದಲು ನಾನು ಉತ್ತರ ಹೇಳುತ್ತೇನೆ.

ನಿನ್ನ ಚಪ್ಪಲಿ ಯಾರು ಮಾಡಿಕೊಟ್ಟಿದ್ದು? ಲಾರಿ ಟಯರು ಕೊಯ್ದು, ಹಿಮ್ಮಡಿಯ ಕಡೆ ಚೂರಿಯಿಂದ ಗೀರು ಹಾಕುತ್ತಿದ್ದರು ನಿನ್ನ ಅಪ್ಪ. ರೈಶತುಗೆ ಎರಡು, ನಿನಗೆ ಮೂರು. ಒಂಟೆಗೆ ಮುದ್ರೆ ಹಾಕುವ ಹಾಗೆ ಮಕ್ಕಳಿಗೂ ಹಾಕುತ್ತೀರಲ್ಲ ಎಂದು ನಾನು ನಗುತ್ತಿದ್ದೆ. "ನಗು ನಗು. ಒಂದಿನ ಇವರು ತಪ್ಪಿಸ್ಕೊಂಡ್ರೆ ಮರಳೇ ಬಂದು ನಂಗೆ ಹೇಳತ್ತೆ" ಎನ್ನುತ್ತಿದ್ದರು. ನೀನೂ ದಮರ್ಗುವಿನ ಸಜ್ಜೆ ಸೀಮೆಯ ಆ ಹುಡುಗನೂ ಚಿನ್ನ ಅಗೆಯುತ್ತೇವೆಂದು ಬೈಕ್ ಹತ್ತಿ ಹೋದಿರಿ. ಆ ವರ್ಷದ ಬಿಸಿಲು ನಿನಗೇ ಗೊತ್ತು, ಕಾಗೆಗಳೂ ಹಗಲು ಹಾರದೆ ಬಂಡೆಯ ಸಂದಿಯಲ್ಲಿ ಬಾಯಿ ತೆರೆದು ಕೂತಿರುತ್ತಿದ್ದವು. ಕೆಟ್ಟು ನಿಂತ ಬೈಕನ್ನು ಯಾರೋ ಲಾರಿಯವರು ಕಂಡು, ಸುದ್ದಿ ನಮಗೆ ಮುಟ್ಟುವಾಗ ಮೂರನೆಯ ದಿನ. ಗಂಡಸರೆಲ್ಲ ಒಂಟೆಗಳನ್ನು ಹೊಡೆದುಕೊಂಡು ದಕ್ಷಿಣಕ್ಕೆ ಮೇವಿಗೆ ಹೋಗಿದ್ದರು. ಬಿಡಾರದಲ್ಲಿ ಉಳಿದದ್ದು ನಿನ್ನ ಅಪ್ಪ, ಅವರ ಮುದಿ ಬೂದು ಒಂಟೆ. ಬೆಳಕು ಹರಿಯುವ ಮೊದಲೇ ಎರಡು ತೊಗಲು ಚೀಲ ನೀರು ಕಟ್ಟಿಕೊಂಡು ಹೊರಟರು.

ಬೈಕಿನ ಸುತ್ತ ಗಾಳಿ ಎಲ್ಲ ಅಳಿಸಿತ್ತಂತೆ. ದೊಡ್ಡ ಸುತ್ತು ಹಾಕಿದಾಗ ಎರಡು ಜಾಡು ಸಿಕ್ಕವು. ಒಂದು ದಕ್ಷಿಣಕ್ಕೆ, ಮರಳಿನಲ್ಲಿ, ಹಿಮ್ಮಡಿಗೆ ಮೂರು ಗೀರು. ಇನ್ನೊಂದು ಪಶ್ಚಿಮಕ್ಕೆ, ಚಪ್ಪಲಿಯಿಲ್ಲದ ಕಾಲು, ಬಟ್ಟೆ ಸುತ್ತಿದ್ದು. ಅದು ನಾಲ್ಕು ಮಾರು ಹೋಗಿ ಕಲ್ಲು ನೆಲಕ್ಕೆ ಹತ್ತಿ ಮಾಯವಾಗಿತ್ತು. ಆ ದಿಕ್ಕಿನಲ್ಲಿ ಹಳೆಯ ಬಾವಿ ಇದ್ದದ್ದು ನಿಜ, ಆದರೆ ಅದಕ್ಕೂ ಎರಡು ವರ್ಷ ಮೊದಲೇ ಮರಳು ನುಂಗಿದೆ ಎಂದು ಎಲ್ಲರ ಬಾಯಲ್ಲೂ ಇತ್ತು. ನೀನು ತಳ ತೋಡಿ ಕೆಸರು ನೀರು ತೆಗೆದೆ ಎಂದು ಆಗ ಯಾರಿಗೆ ಗೊತ್ತು! ಇಬ್ಬರ ಹಿಂದೆ ಹೋಗುವಷ್ಟು ನೀರಿರಲಿಲ್ಲ. ಹೆತ್ತವರಿಗೆ ತಮ್ಮದೇ ಮೊದಲು. ಅವರು ಗೀರಿನ ಜಾಡು ಹಿಡಿದರು. ಹೆಜ್ಜೆಗಳ ಮೇಲೆ ಜೀರುಂಡೆ ಹಾದುಹೋಗಿತ್ತು, ಅಂದರೆ ಜಾಡು ಹಳೆಯದು. ಪಕ್ಕದಲ್ಲೇ ದೊಡ್ಡ ಕಿವಿಯ ಮರಳುನರಿಯ ಹೆಜ್ಜೆಯೂ ಜೊತೆ ಬಂದಿತ್ತು. ಒಂದೂವರೆ ದಿನ ನಡೆದ ಮೇಲೆ ದಿಬ್ಬದ ಮಗ್ಗುಲಲ್ಲಿ ಹುಡುಗ ಬೋರಲು ಬಿದ್ದಿದ್ದ. ಮುಖದಲ್ಲಿ ಗುರುತು ಹಿಡಿಯುವಂಥದ್ದು ಏನೂ ಉಳಿದಿರಲಿಲ್ಲ. ಕಾಲಲ್ಲಿ ಅವರೇ ಕೊಯ್ದ ಚಪ್ಪಲಿಯಿತ್ತು. ಅಲ್ಲೇ ಕೈಯಲ್ಲಿ ಮರಳು ತೋಡಿ ಮಣ್ಣು ಮಾಡಿದರು, ಪ್ರಾರ್ಥನೆ ಒಬ್ಬರೇ ಹೇಳಿದರು. ಅವನ ಪ್ಲಾಸ್ಟಿಕ್ ಚಪ್ಪಲಿ ಬಿಸಿಲಿಗೆ ಕರಗಿಹೋಗಿ, ನಿನ್ನದನ್ನು ಬಿಚ್ಚಿಕೊಟ್ಟೆ ಎಂದು ನೀನು ಹೇಳಿದ ಮೇಲೇ ನಮಗೆ ತಿಳಿದದ್ದು. ಒಳ್ಳೆಯ ಕೆಲಸವನ್ನೇ ಮಾಡಿದ್ದೀಯಪ್ಪ. ನಾನು ಕಲಿಸಿದ್ದೂ ಅದನ್ನೇ.

ಅವರಿಗೆ ಅನುಮಾನ ಬಂದಿರಲಿಲ್ಲ ಎಂದೇನಲ್ಲ. "ಹೆಜ್ಜೆ ಹೊರಕ್ಕೆ ಹೊರಳಿತ್ತು ಕಣೇ, ನಮ್ಮವನದು ನೆಟ್ಟಗೆ ಬೀಳೋದು. ಬಾಯಾರಿದ ಕಾಲು ಹಾಗೇ ಅಂದ್ಕೊಂಡೆ" ಎಂದು ಒಮ್ಮೆ ಹೇಳಿದ್ದರು. ಒಂಟೆ ಹೆಜ್ಜೆ ನೋಡಿ ಅದು ಗಬ್ಬವೋ ಅಲ್ಲವೋ ಹೇಳುತ್ತಿದ್ದ ಮನುಷ್ಯ. ಆಮೇಲೆ ಯಾರ ಒಂಟೆ ಕಳೆದರೂ ಹುಡುಕಲು ಹೋಗಲಿಲ್ಲ. ಮರಳಿಗೆ ಬೆನ್ನು ಹಾಕಿ ಬೆಟ್ಟ ನೋಡುತ್ತ ಕೂರುತ್ತಿದ್ದರು. ಕಾಯಿಲೆ ಬಿದ್ದಾಗ ನಿನ್ನನ್ನು ನೆನೆದು ಅತ್ತದ್ದಕ್ಕಿಂತ ಹೆಚ್ಚಾಗಿ ಆ ಇನ್ನೊಬ್ಬನನ್ನು ನೆನೆದು ಅತ್ತರು. "ಬರಿಗಾಲಲ್ಲಿ ಹೋದ್ನಲ್ಲ, ಯಾರ ಮಗನೋ. ನಾನು ಅವನ ಹಿಂದೆ ಹೋಗ್ಲಿಲ್ಲ. ಅವರಮ್ಮ ಕೇಳಿದ್ರೆ ಏನು ಹೇಳ್ಲಿ?" ಇದೇ ಮಾತು, ಹದಿನೇಳು ದಿನವೂ. ಬರಿಗಾಲಿನವನು ನೀನೇ ಎಂದು ತಿಳಿಯದೆ ಹೋದರು. ನಿನ್ನ ಅಪ್ಪ ನಿನ್ನನ್ನು ಬಿಟ್ಟವರಲ್ಲ ಮಗನೇ.

ಈಗ ಆ ಹುಡುಗನ ವಿಷಯ. ಎರಡು ವರ್ಷ ಅವನನ್ನು ನೀನೆಂದು ತಿಳಿದು ಫಾತಿಹಾ ಓದಿದ್ದೇವೆ, ನಿನ್ನ ಹೆಸರಿನಲ್ಲಿ ಆಡು ಕೊಯ್ದು ಹಂಚಿದ್ದೇವೆ. ಅತ್ತ ಸಜ್ಜೆ ಹೊಲದ ಊರಿನಲ್ಲಿ ಒಬ್ಬ ಹೆಂಗಸು ಲಾರಿ ಸದ್ದು ಕೇಳಿದಾಗಲೆಲ್ಲ ಬಾಗಿಲಿಗೆ ಬರುತ್ತಿರಬೇಕು. ಅವನ ಹೆಸರು, ಊರು, ಗೊತ್ತಿದ್ದರೆ ತಾಯಿಯ ಹೆಸರು, ತಪ್ಪದೆ ಕಲಕುವಾನ ಕೈಯಲ್ಲಿ ಹೇಳಿ ಕಳಿಸು. ನಾನೇ ಹೋಗಿ ತಿಳಿಸುತ್ತೇನೆ. ಫೋನಿನಲ್ಲಿ ಹೇಳುವ ಸುದ್ದಿಯಲ್ಲ ಅದು.

ಬಿಡಾರದ ಸುದ್ದಿ ಹೆಚ್ಚೇನಿಲ್ಲ. ಹೋದ ಮಳೆಗಾಲದಲ್ಲಿ ಒಂದೇ ಒಂದು ದಿನ ಹಳ್ಳ ಬಂತು, ಬಂದದ್ದು ಎರಡು ಆಡು ಕೊಚ್ಚಿಕೊಂಡು ಹೋಯಿತು. ಮಳೆ ಬಾರದಿದ್ದರೂ ಕಷ್ಟ, ಬಂದರೂ ಕಷ್ಟ, ನಮ್ಮ ಹಣೆಬರಹ. ಹಳ್ಳದ ಅಂಚಿನ ಜಾಲಿಮರಗಳು ಮಾತ್ರ ಚಿಗುರಿವೆ, ಮೂರು ಜಿಂಕೆಗಳು ಬೆಳಿಗ್ಗೆ ಬಂದು ಮೇಯುತ್ತವೆ. ಉದ್ದ ಕೊಂಬಿನ ಬಿಳಿ ಚಿಗರೆಯನ್ನು ಯಾರೂ ಕಂಡಿಲ್ಲ, ನಿನ್ನ ಅಪ್ಪ ಕಂಡದ್ದೇ ಕೊನೆ. ಮುದಿ ಒಂಟೆ ಇನ್ನೂ ಬದುಕಿದೆ, ಅದು ನನ್ನ ಹಾಗೇ ಗೊಣಗುತ್ತದೆ ಎಂದು, ನಾನು ಹೇಳದಿದ್ದರೂ ರೈಶತು ಸೇರಿಸಿ ಬರೆದಿದ್ದಾಳೆ. ಅವಳನ್ನು ಹೆಣ್ಣು ಕೇಳಿಕೊಂಡು ಬಂದಿದ್ದಾರೆ. ಅಣ್ಣ ಬರಲಿ, ಆಮೇಲೆ ಮದುವೆಯ ಗುಡಾರ ಹೊಲಿಯೋಣ ಎಂದು ಹಟ ಹಿಡಿದಿದ್ದಾಳೆ.

ಬಿಸಿಲು ನಿನ್ನ ನೆತ್ತಿ ಸುಡದಿರಲಿ, ಹೋದಲ್ಲೆಲ್ಲ ನೀರು ಸಿಗಲಿ, ನಿನ್ನ ಕೈಯಿಂದ ಉಂಡವರು ನಿನ್ನನ್ನು ಹರಸಲಿ. ತಂಗಿಯ ಸಲಾಮು. ಬಿಡಾರದ ಎಲ್ಲರ ಸಲಾಮು.

ನಿನ್ನ ಅಮ್ಮ,
ರಖ್ಮಾತು

ಮತ್ತೊಂದು ಮಾತು: ರೈಶತು ಆಡಿನ ಹಾಲು ಕರೆಯಲು ಹೋಗಿದ್ದಾಳೆ. ಇದನ್ನು ನಾನೇ ಬರೆಯುತ್ತಿದ್ದೇನೆ, ನಿನಗೆ ಮರಳಿನ ಮೇಲೆ ಬೆರಳಿಟ್ಟು ಕಲಿಸಿದ ನಮ್ಮ ಹಳೆಯ ಅಕ್ಷರದಲ್ಲಿ. ಅವಳಿಗೆ ಇದು ಓದಲು ಬರುವುದಿಲ್ಲ. ಮೇಲೆ ಬರೆಸಿದ್ದೆಲ್ಲ ನಡೆದದ್ದೇ, ಆದರೆ ಪೂರ್ತಿ ಅಲ್ಲ. ನೀನು ಕಾಣೆಯಾದ ಒಂಬತ್ತನೆಯ ದಿನ ನಿನ್ನ ಅಪ್ಪ ತಿರುಗಿ ಬಂದರು, ನಾಲಿಗೆ ಊದಿ ಬಾಯಿ ಮುಚ್ಚಲಾಗುತ್ತಿರಲಿಲ್ಲ. ಸತ್ತವನ ಕೊರಳಿನ ತಾಯಿತ ನನ್ನ ಕೈಗಿಟ್ಟು, "ನಿನ್ನ ಮಗಂದು" ಎಂದರು. ಗಂಡಸರು ಹೊಲಿಗೆ ನೋಡುವುದಿಲ್ಲ. ನಿನ್ನ ತಾಯಿತದ ಚೀಲ ಹೊಲಿದವಳು ನಾನು. ನಾನು ಬಲಗೈಯವಳು, ಅವರು ತಂದ ತಾಯಿತದ್ದು ಎಡಗೈಯವಳ ಹೊಲಿಗೆ. ಮಣ್ಣಾದವನು ನೀನಲ್ಲ, ಬಾವಿಯ ಕಡೆ ಹೋದವನೇ ನೀನು ಎಂದು ನನಗೆ ಆಗಲೇ ತಿಳಿಯಿತು. ಬಾಯಿ ಬಿಟ್ಟಿದ್ದರೆ ಅವರು ಆ ಕ್ಷಣವೇ ಎದ್ದು ಹೊರಟು ದಾರಿಯಲ್ಲಿ ಸಾಯುತ್ತಿದ್ದರು. ಬಾವಿ ಬತ್ತಿದೆ, ಹುಡುಗ ಎಂದೋ ಹೋಗಿದ್ದಾನೆ, ಇವರೊಬ್ಬರಾದರೂ ಉಳಿಯಲಿ ಎಂದುಕೊಂಡು, "ಹೌದು, ನನ್ನ ಮಗಂದೇ" ಎಂದೆ. ಅವರು ಸಾಯುವವರೆಗೂ ಹೇಳಲಿಲ್ಲ. ನಾನಾದರೂ ಒಂಟೆ ಹತ್ತಬಹುದಿತ್ತು, ಹತ್ತಲಿಲ್ಲ. ಇಲ್ಲಿಂದ ಆ ಬಾವಿ ಎರಡು ದಿನದ ದಾರಿ. ಅಪ್ಪ ತಿರುಗಿ ಬಂದ ಮೇಲೂ ನಾಲ್ಕು ದಿನ ನೀನು ಅಲ್ಲಿ ಕೂತಿದ್ದೆ. ನಿನ್ನ ಪ್ರಶ್ನೆ ಅಪ್ಪನಿಗಲ್ಲ, ನನಗೆ. ಕಲಕುವಾ ಲಾರಿ ಶುರು ಮಾಡಿದ. ಇದನ್ನು ಓದಿದ ಮೇಲೂ ಬರುವ ಮನಸ್ಸಾದರೆ ಬಾ. ನನ್ನ ಮುಖ ನೋಡಲಾರೆ ಎನಿಸಿದರೆ ಹಾಗೆಂದು ಹೇಳಿ ಕಳಿಸು, ನಾಚಿಕೆಪಡಬೇಡ. ನಾನು ಗುಡಾರ ಕಿತ್ತು ಬೇರೆ ಕಣಿವೆಗೆ ಹೋಗುತ್ತೇನೆ, ನೀನು ಬಂದು ಅಪ್ಪನ ಸಮಾಧಿಯ ಹತ್ತಿರ ಎಷ್ಟು ದಿನ ಬೇಕಾದರೂ ಕೂತುಕೊಂಡಿರು.