ಭಾವಮೈದುನ ಬರೆದ ಉತ್ತರ, ಬೀಗ ಬಿದ್ದ ತರಗತಿ

ಆರೋಗ್ಯ ಇಲಾಖೆಯ ತರಬೇತಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗಾಗಿ ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ತರಗತಿಯನ್ನು ತಾವು ನಿಲ್ಲಿಸಿದ್ದೀರಿ. 'ತರಬೇತಿಯ ಮುಂಚಿನ ಅಂಕಕ್ಕೂ ನಂತರದ ಅಂಕಕ್ಕೂ ವ್ಯತ್ಯಾಸವಿಲ್ಲ. ಯಾರೂ ಏನೂ ಕಲಿತಿಲ್ಲ' ಎಂಬ ಪ್ರಕಟಣೆ ಬಾಗಿಲಿಗೆ ಅಂಟಿದೆ. ಯಾರೂ ಎಂದರೆ ಯಾರು ಸ್ವಾಮಿ?

ನಾನೊಬ್ಬ ದರ್ಜಿ. ಲಕ್ವ ಹೊಡೆದು ನನ್ನ ಹೆಂಡತಿಯ ಬಲಭಾಗದ ಸ್ವಾಧೀನ ತಪ್ಪಿದೆ. ಮೊದಲ ದಿನ ಪ್ರಶ್ನೆಪತ್ರಿಕೆ ಕೊಟ್ಟಾಗ, ರೋಗಿಗೆ ಮಲಗಿಸಿಯೇ ನೀರು ಕುಡಿಸಬೇಕು ಎಂದು ಗುರುತು ಹಾಕಿದವನು ನಾನು. ಹೆಸರು ಬರೆಯಬೇಡಿ, ಸಂಕೋಚವಿಲ್ಲದೆ ಉತ್ತರಿಸಿ ಎಂದಿದ್ದರು, ಒಳ್ಳೆಯ ಮಾತೇ. ಆಮೇಲೆ ನರ್ಸ್ ಕೈಹಿಡಿದು ಕಲಿಸಿದರು: ಎಬ್ಬಿಸಿ ಕೂರಿಸಿ, ಗದ್ದ ತಗ್ಗಿಸಿ, ಒಂದೊಂದೇ ಚಮಚ. ಅಲ್ಲಿಯವರೆಗೆ ಗುಟುಕು ಗುಟುಕಿಗೂ ನೆತ್ತಿಗೇರಿ ಮೇಲುಗಣ್ಣು ಮಾಡುತ್ತಿದ್ದವಳು ಅಂದು ಮನೆಯಲ್ಲಿ ಇಡೀ ಲೋಟ ಕುಡಿದು, ತೊದಲುತ್ತಾ, "ಇನ್ನೂ ಬೇಕು" ಎಂದಳು. ನಾನು ಅಡುಗೆಮನೆಗೆ ಹೋಗಿ ಅತ್ತು ಬಂದೆ.

ಕೊನೆಯ ದಿನ ಅವಳಿಗೆ ಜ್ವರ, ಬಿಟ್ಟು ಬರುವಂತಿರಲಿಲ್ಲ. ಅಂದು ಗಾಳಿಹಾಸಿಗೆ ಹಂಚುತ್ತಾರೆಂದು ಭಾವಮೈದುನನನ್ನು ಕಳಿಸಿದೆ. ಅವನನ್ನೂ ಕೂರಿಸಿ ಪ್ರಶ್ನೆಪತ್ರಿಕೆ ಕೊಟ್ಟರಂತೆ. ಹಾಸಿಗೆ ಹೊತ್ತು ತಂದವನು, "ಒಂದೂ ತಿಳೀಲಿಲ್ಲ ಭಾವ, ಎಲ್ಲದಕ್ಕೂ ಹೌದು ಅಂತ ಗೀಚಿ ಬಂದೆ" ಅಂದ. ಅಲ್ಲಿ ಅರ್ಧಕ್ಕರ್ಧ ಮಂದಿ ಇಂಥ ಬದಲಿಗಳೇ ಇದ್ದರಂತೆ.

ತಮ್ಮ ಕಚೇರಿಗೆ ಬಂದು ವಿಚಾರಿಸಿದೆ. ಲೆಕ್ಕ ಹಾಕಿದ ಅಧಿಕಾರಿ ಸಮಾಧಾನದಿಂದಲೇ ವಿವರಿಸಿದರು: "ಹೆಸರಿಲ್ಲ ನೋಡಿ, ಯಾರದ್ದು ಯಾವುದು ಅಂತ ಹೊಂದಿಸೋಕಾಗಲ್ಲ. ಅದಕ್ಕೇ ಎರಡೂ ದಿನದ ಸರಾಸರಿ ತೆಗೆದ್ವಿ."

ಎಂಥ ಜಾಣ್ಮೆ! ಗಿರಾಕಿಯ ಸೊಂಟ ಅಳೆದು, ಮುಂದಿನ ಸಲ ಅವರ ತಮ್ಮನ ಸೊಂಟ ಅಳೆದು, 'ತಾವು ಒಂದಿಂಚೂ ಕರಗಿಲ್ಲ' ಎಂದರೆ ನನ್ನ ಅಂಗಡಿ ನಡೆದೀತೇ? ಆ ಸರಾಸರಿ ಹೇಳುವುದು ಆ ಎರಡು ದಿನ ಬೆಂಚು ತುಂಬಿದವರ ಕಥೆಯನ್ನು. ಒಬ್ಬೊಬ್ಬರು ಕಲಿತರೋ ಇಲ್ಲವೋ ಎಂಬುದನ್ನು ಅದರಿಂದ ಹಿಂಡಿ ತೆಗೆಯಲು ಬರುವುದಿಲ್ಲ.

ಆದ್ದರಿಂದ, 'ಯಾರೂ ಕಲಿತಿಲ್ಲ' ಎಂಬುದನ್ನು ಹೊಡೆದುಹಾಕಿ 'ನಮಗೆ ಗೊತ್ತಿಲ್ಲ' ಎಂದು ಬರೆಯಿರಿ. ಕಚೇರಿಗಳಲ್ಲಿ ಅಪರೂಪದ ಮಾತು, ನಿಜ, ಅಭ್ಯಾಸವಾಗುತ್ತದೆ. ಮುಂದಿನ ಸಲ ಪ್ರತಿಯೊಬ್ಬರೂ ತಮಗೆ ಮಾತ್ರ ಗೊತ್ತಿರುವ ಗುಟ್ಟಿನ ಗುರುತೊಂದನ್ನು ಎರಡೂ ಪತ್ರಿಕೆಗಳ ಮೇಲೆ ಹಾಕಲಿ. ಹೆಸರೂ ಹೊರಬೀಳದು, ಭಾವಮೈದುನರೂ ನುಸುಳಲಾರರು.

ಎಲ್ಲಕ್ಕಿಂತ ಮೊದಲು ಬಾಗಿಲು ತೆರೆಸಿ. ನಿನ್ನೆ ಒಬ್ಬಾಕೆ ಆ ಪ್ರಕಟಣೆಯ ಮುಂದೆ ನಿಂತಿದ್ದರು. ಮಲಗಿ ಮಲಗಿ ಅವರ ಅಪ್ಪನ ಬೆನ್ನೆಲ್ಲ ಹುಣ್ಣಾಗಿದೆಯಂತೆ. ಮಗ್ಗುಲು ಬದಲಿಸುವುದು ಹೇಗೆಂದು, ಕಾರಿಡಾರಿನ ಬೆಂಚಿನ ಮೇಲೆ ನಾನೇ ಮಲಗಿ ತೋರಿಸಿದೆ. ಹುಣ್ಣು ತೊಳೆಯುವುದು ನನಗೆ ಬರುವುದಿಲ್ಲ. ಅದಕ್ಕೆ ನರ್ಸ್ ಬೇಕು.

ಇಂತಿ,
ತಮ್ಮ ದಾಖಲೆಯ ಪ್ರಕಾರ ಏನೂ ಕಲಿಯದ
ಒಬ್ಬ ದರ್ಜಿ