ಒಗೆಯುವ ದೋಣಿಯ ರಾಣಿ

ಪ್ಯಾರಿಸ್
ಗಣರಾಜ್ಯದ ಎರಡನೆಯ ವರ್ಷ, ಫ್ರಿಮೇರ್ 14
(ನಮ್ಮ ಹಳೆಯ ಲೆಕ್ಕದಲ್ಲಿ 1793ರ ಡಿಸೆಂಬರ್ 4)

ಪ್ರೀತಿಯ ಫೆಲಿಸಿತೆ,

ರೂವಾನ್‌ನಲ್ಲಿ ನೀನು ಕೆಲಸಕ್ಕಿರುವ ಮನೆಯಲ್ಲೂ ಹೀಗೇ ಚಳಿ ಇದ್ದರೆ ಎದೆ ಮುಚ್ಚಿಕೊಂಡು ಓಡಾಡು. ನಿನ್ನ ಕಾಗದಕ್ಕೆ ಉತ್ತರಿಸಲು ತಡವಾಯಿತು, ಬೇಸರಿಸಬೇಡ. ಸೇನ್ ನದಿಯ ನೀರಿಗೆ ಬೆರಳೆಲ್ಲ ಬಿರಿದಿದೆ, ಲೇಖನಿ ನಿಲ್ಲುವುದಿಲ್ಲ. ಅದು ಅರ್ಧ ಕಾರಣ. ಇನ್ನರ್ಧ ನೀನು ಕೇಳಿದ ಪ್ರಶ್ನೆ. ಅಮ್ಮನ ತಲೆ ಹೋದದ್ದನ್ನು ಎಲ್ಲರೂ ಹೇಳಿದರು, ಅವಳ ತಪ್ಪೇನೆಂದು ಮಾತ್ರ ಯಾರೂ ಹೇಳಲಿಲ್ಲ ಎಂದು ಬರೆದಿದ್ದೀಯ.

ಮಗಳೇ, ದಡಕ್ಕೆ ಕಟ್ಟಿ ನಾವೆಲ್ಲ ಊರ ಬಟ್ಟೆ ಒಗೆಯುವ ಈ ದೋಣಿಯಲ್ಲಿ ನಿನ್ನಮ್ಮನನ್ನು ಯಾರೂ ಇಷ್ಟಪಡುತ್ತಿರಲಿಲ್ಲ. ನನ್ನಕ್ಕ ಉರ್ಸೂಲ್ ಪಕ್ಕದವಳು ಒಗೆದ ಬಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡುವವಳು. ಕಲೆ ಕಂಡರೆ ಮಾತಿಲ್ಲದೆ ಮತ್ತೆ ನೀರಿಗೆ ಎಸೆಯುತ್ತಿದ್ದಳು. ಉಳಿದವರು ಒಂದೇ ಬಟ್ಟಲಲ್ಲಿ ವೈನ್ ಹಂಚಿಕೊಂಡು ಕುಡಿಯುವಾಗ ಇವಳು ಬೆನ್ನು ತಿರುಗಿಸಿ ಬ್ರೆಡ್ ಮುರಿಯುತ್ತಿದ್ದಳು. ಈಗ ಗಣರಾಜ್ಯದಲ್ಲಿ ಎಲ್ಲರೂ ಸಮಾನರೆಂದು ಎಲ್ಲರಿಗೂ ಏಕವಚನ ಆಡಬೇಕಲ್ಲ, ಅವಳು ಬಹುವಚನ ಬಿಡಲೇ ಇಲ್ಲ. ಅದು ಗೌರವವಲ್ಲ, ದೂರ ಇಡುವ ಉಪಾಯ ಎಂದು ಅವರಿಗೆ ಗೊತ್ತಿತ್ತು.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ ನಡುವೆ ಪ್ರತಿ ದೋಣಿಯವರೂ ಒಬ್ಬಳನ್ನು ರಾಣಿಯೆಂದು ಆರಿಸಿ, ಕಿರೀಟ ತೊಡಿಸಿ, ಬಂಡಿಯಲ್ಲಿ ಮೆರೆಸುವುದು ನಿನಗೆ ಗೊತ್ತೇ ಇದೆ. ಚೆಲುವೆಗೋ ಹಾಡುವವಳಿಗೋ ಸಲ್ಲುವ ಗೌರವ ಅದು. ಹೋದ ವರ್ಷ, ಅರಸ ಇನ್ನೂ ಅರಮನೆಯಲ್ಲಿದ್ದಾಗ, ನಮ್ಮವರು ನಿನ್ನಮ್ಮನನ್ನು ಆರಿಸಿದರು. ನಗುವುದಕ್ಕೆಂದೇ ಆರಿಸಿದರು. ನನಗೆ ಮೊದಲೇ ತಿಳಿದಿದ್ದರೆ ಅವಳು ಬಂಡಿ ಹತ್ತದಂತೆ ನೋಡಿಕೊಳ್ಳುತ್ತಿದ್ದೆ. ಹಿಂದಿನಿಂದ ಅವರು ಅವಳ ನಡಿಗೆಯನ್ನು ಅಣಕಿಸುತ್ತಿದ್ದರು. ಅವಳು ಮುಂದೆ ನೋಡುತ್ತ, ಜನ ಸಂತೋಷವಾಗಿದ್ದಾರೆ ಎಂದು ತಿಳಿದು, ಕೈ ಬೀಸಿದಳು. ಆ ಕಾಗದದ ಕಿರೀಟವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು.

ಈ ವರ್ಷ ಸೋಪಿನ ಬೆಲೆ ಏರಿದಾಗ ಹೆಂಗಸರು ಸರಕಿನ ದೋಣಿಗೆ ನುಗ್ಗಿ ಪೆಟ್ಟಿಗೆಗಳನ್ನು ಹೊತ್ತು ತಂದರು. ನಿನ್ನಮ್ಮ ಮುಟ್ಟಲಿಲ್ಲ. ಅವಳ ಎದುರು ನಿಂತು ಒಗೆಯುವ ಗೂಜೇ ಕೇಳಿದಳು: "ಏನಮ್ಮಾ ಮಹಾರಾಣಿ, ನಮ್ಮ ಸೋಪು ನಿನ್ನ ಮೂಗಿಗೆ ನಾರುತ್ತಾ?"

"ಕದ್ದದ್ದು ಕದ್ದದ್ದೇ, ಗೂಜೇ ಅವರೇ. ಯಾವ ನೀರಲ್ಲಿ ಅದ್ದಿದ್ರೂ ಬೆಳ್ಳಗಾಗಲ್ಲ."

ಆ ಮಾತನ್ನು ಅವರು ಮರೆಯಲಿಲ್ಲ. ಅಕ್ಟೋಬರಿನಲ್ಲಿ ನಿಜವಾದ ರಾಣಿಯನ್ನು ಕೊಂದ ವಾರವೇ ಗೂಜೇ ಗಣರಾಜ್ಯದ ಶತ್ರುಗಳನ್ನು ಹುಡುಕುವ ನಮ್ಮ ಕೇರಿಯ ಸಮಿತಿಗೆ ಹೋಗಿ, ನಮ್ಮ ದೋಣಿಯಲ್ಲೂ ಒಬ್ಬಳು ಉಳಿದಿದ್ದಾಳೆ ಎಂದಳಂತೆ. ಅಕ್ಕ ಒಂದು ರಾತ್ರಿ ಬಂದೀಖಾನೆಯಲ್ಲಿ ಕೊಳೆಯಲಿ ಎಂಬುದಷ್ಟೇ ಅವಳ ಆಸೆ. ಸಮಿತಿಯವರು ನಗಲಿಲ್ಲ. ಪೆಟ್ಟಿಗೆ ತೆರೆಸಿದರು, ಕಿರೀಟ ಸಿಕ್ಕಿತು, ಅರಸರ ಪಕ್ಷದವಳೆಂದು ಅಕ್ಕನನ್ನು ಹಿಡಿದೊಯ್ದರು.

ನಾನು ದೋಣಿಯವರ ಮನೆಮನೆಗೆ ಹೋಗಿ, ನಿಜ ಹೇಳಿ ಎಂದು ಕಾಲು ಹಿಡಿದೆ. ಕೊನೆಗೆ ಗೂಜೇಯೇ, ಅಕ್ಕನ ತಲೆ ಹೋಗುತ್ತದೆಂದು ಹೆದರಿ, ನ್ಯಾಯಾಲಯದಲ್ಲಿ ನಿಂತು ನಿಜ ಹೇಳಿದಳು: "ಇವಳನ್ನ ಯಾರು ಸ್ವಾಮಿ ರಾಣಿ ಮಾಡ್ತಾರೆ? ಆ ಮುಖಕ್ಕೆ? ಹೊಟ್ಟೆ ತುಂಬ ನಗೋಣ ಅಂತ ಕೂರಿಸಿದ್ವಿ." ಸಭೆಯೆಲ್ಲ ನಕ್ಕಿತು. ನ್ಯಾಯಾಧೀಶರೂ ನಕ್ಕರು. ನನಗೆ ಹೋದ ಜೀವ ಬಂದಂತಾಯಿತು.

ಅವರು ಅಕ್ಕನ ಕಡೆ ತಿರುಗಿ, "ನಿನ್ನನ್ನ ಗೇಲಿ ಮಾಡಿದ್ರಂತೆ. ಹೌದು ಅನ್ನು, ಮನೆಗೆ ಹೋಗು" ಎಂದರು.

ಅಕ್ಕ ಗೂಜೇಯನ್ನೇ ಬಹಳ ಹೊತ್ತು ನೋಡಿದಳು. ಆವರೆಗೆ ಅವಳಿಗೆ ಗೊತ್ತಿರಲಿಲ್ಲ, ಫೆಲಿಸಿತೆ. ಗೊತ್ತಾದದ್ದನ್ನು ನಾನು ಅವಳ ಮುಖದಲ್ಲಿ ಕಂಡೆ. ಆಮೇಲೆ ಶಾಲು ಸರಿಮಾಡಿಕೊಂಡು, "ಇಲ್ಲ ಸ್ವಾಮಿ, ನಾನು ರಾಣಿಯೇ. ಎಲ್ಲರೂ ಒಪ್ಪಿ ಆರಿಸಿದ್ದರು" ಎಂದಳು.

ನಗು ನಿಂತಿತು. ಉಳಿದದ್ದು ನಿನಗೆ ಗೊತ್ತು. ಅವಳನ್ನು ವಧೆಗೆ ಒಯ್ದ ಬಂಡಿಯ ಹಿಂದೆ ನಮ್ಮ ದೋಣಿಯವರು ಯಾರೂ ಹೋಗಲಿಲ್ಲ, ಅಂದು ಒಗೆತ ಹೆಚ್ಚಿತ್ತು. ಗೂಜೇ ಈಗ ಅಕ್ಕನ ಜಾಗದಲ್ಲಿ ನಿಲ್ಲುತ್ತಾಳೆ, ಅಲ್ಲಿ ಗಾಳಿ ಕಡಿಮೆ.

ನಿನಗೆ ಒಳ್ಳೆಯದಾಗಲಿ, ನಿನ್ನ ಕೈಗೆ ಎಂದೂ ಬಿರುಕು ಬಾರದಿರಲಿ. ಈಗಿನ ಆಳ್ವಿಕೆಯಲ್ಲಿ ದೇವರ ಹೆಸರು ಬರೆಯುವಂತಿಲ್ಲ, ನೀನೇ ಸೇರಿಸಿಕೊಂಡು ಓದು.

ನಿನ್ನ ಚಿಕ್ಕಮ್ಮ,
ಬಾರ್ಬ್

ಇನ್ನೊಂದು ಮಾತು: ಇದನ್ನು ಬರೆಯಬಾರದೆಂದಿದ್ದೆ. ತೀರ್ಪಾದ ಮೇಲೆ ಕಂಬಿಯ ಹೊರಗೆ ನಿಂತು, ಒಂದು "ಹೌದು" ಅನ್ನೋದಕ್ಕೆ ನಿನಗೇನಾಗಿತ್ತು ಎಂದು ಬೈದೆ. ಅವಳೆಂದಳು: "ಯಜಮಾನರ ಮನೆ ಅಡುಗೆಯವಳು ನಮ್ಮ ಫೆಲಿಸಿತೇನ ಅಗಸಗಿತ್ತಿ ಮಗಳು ಅಂತ ಹಂಗಿಸ್ತಿದ್ಲಂತೆ. ನನ್ನಮ್ಮನ್ನ ರಾಣಿ ಮಾಡಿದ್ದಾರೆ ಅಂತ ಇವಳು ಮನೆಯವರೆಲ್ಲರ ಮುಂದೆ ಹೇಳಿದಾಳಂತೆ ಕಣೇ. ಅದನ್ನ ಸುಳ್ಳು ಮಾಡ್ಲಾ?"

ಆ ಅಡುಗೆಯವಳು ಇನ್ನೂ ಅಲ್ಲೇ ಇದ್ದರೆ, ಅವಳು ಅಲ್ಲಿನ ಸಮಿತಿಯ ಬಾಗಿಲು ತಟ್ಟುವ ಮೊದಲು, ಇವತ್ತೇ ಹೋಗಿ ಹೇಳು: ಅಮ್ಮ ಯಾವ ರಾಣಿಯೂ ಅಲ್ಲ, ನಗುವುದಕ್ಕೆಂದು ಕೂರಿಸಿದ್ದರು, ನಾನು ಸುಮ್ಮನೆ ಜಂಬ ಕೊಚ್ಚಿಕೊಂಡಿದ್ದೆ ಎಂದು. ಎಲ್ಲರಿಗೂ ಕೇಳುವಂತೆ ಹೇಳು. ಅವರು ನಕ್ಕರೆ ನೀನೂ ನಗು.